ಕೆಂಪು ಕಲ್ಲಿನ ಪಕ್ಕ ಕರಿಕಲ್ಲು ಬಂದ ಕತೆ

“ಮತ್ತೆ ಬಂದೆಯಾ? ಕಬ್ಬಿಣ ಕೆಂಪಗಾಗೋದೇ ತಡ, ನಿನ್ನ ಬಾಯಿ ತೆರೆದುಕೊಳ್ಳುತ್ತೆ!” ಎಂದು ದುರುಗವ್ವ ಮಗಳ ಮೇಲೆ ರೇಗಿದಳು.

ಲೋಕ ಆಗಿನ್ನೂ ಹೊಸದು. ಗುಡ್ಡಗಳ ಬಿಸಿ ಸರಿಯಾಗಿ ಆರಿರಲಿಲ್ಲ. ಕಲ್ಲಿಗೂ ಗಾಳಿಗೂ ಹಳ್ಳಕ್ಕೂ ಮಾತು ಬರುತ್ತಿತ್ತು. ಅವರೆಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ದುರುಗವ್ವನ ಮಗಳು ನಿಂಗಿ.

“ಹಳ್ಳ ಅಳ್ತಾ ಇದೆ ಅವ್ವಾ. ಅದಕ್ಕೇ ಬಂದೆ.”

ಅಳದೆ ಏನು ಮಾಡೀತು? ಗುಡ್ಡದಿಂದ ಬಂಡೆಯೊಂದು ಉರುಳಿ ಅದರ ದಾರಿಗೆ ಅಡ್ಡ ಬಿದ್ದಿತ್ತು. ಬಂಡೆಯ ಹಿಂದೆ ನಿಂತ ನೀರನ್ನು ಬಿಸಿಲು ದಿನಾ ಕುಡಿಯುತ್ತಿತ್ತು. ಈಚೆ ಕಡೆ ಮನುಷ್ಯರು, ಮೊಲ, ನವಿಲು, ಎಲ್ಲರ ಗಂಟಲೂ ಒಣಗಿತ್ತು. ಬಂಡೆ ಎಬ್ಬಿಸಲು ಹಾರೆ ಬೇಕು. ಹಾರೆಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮೊದಲನೆಯದನ್ನು ನಾನೇ ಮಾಡುತ್ತೇನೆ ಎಂದು ದುರುಗವ್ವ ಕೆಂಪು ಕಲ್ಲನ್ನು ಕಾಯಿಸಿ ಕಬ್ಬಿಣ ತೆಗೆದು ಕುಲುಮೆಯ ಮುಂದೆ ಕೂತಿದ್ದಳು.

ಕಾಯಿಸಿದಳು, ಬಡಿದಳು. ಕಬ್ಬಿಣ ಬಿರಿಯಿತು.

ಇನ್ನೂ ಜೋರಾಗಿ ಕಾಯಿಸಿದಳು, ಬಡಿದಳು. ಇನ್ನೂ ಬೇಗ ಬಿರಿಯಿತು.

“ಸಾಕು ಬಿಡು ದುರುಗವ್ವ,” ಎಂದಿತು ಕುಲುಮೆ ಊದುತ್ತಿದ್ದ ಗಾಳಿ. “ಈ ಹಳ್ಳ ಹೋದರೆ ಇನ್ನೊಂದು ಹುಟ್ಟುತ್ತೆ.”

“ನಿನಗೇನಪ್ಪ, ನೀನೇನು ನೀರು ಕುಡಿಯೋದಿದೆಯಾ? ಬಾಯಿ ಮುಚ್ಚಿಕೊಂಡು ಊದು!”

“ಬಾಯಿ ಮುಚ್ಚಿಕೊಂಡು ಊದೋದು ಹೇಗೆ?” ಎಂದು ಗೊಣಗುತ್ತಾ ಗಾಳಿ ಊದಿತು.

ದುರುಗವ್ವ ಬಿರಿದ ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದಳು. ಮುರಿದ ಕಡೆ ಸಣ್ಣ ಸಣ್ಣ ಹರಳುಗಳು ಹೊಳೆಯುತ್ತಿದ್ದವು, ಒತ್ತೊತ್ತಾಗಿ ಕಟ್ಟಿದ ಮನೆಗಳ ಹಾಗೆ.

“ಯಾಕ್ರೇ ಮುರೀತೀರಾ?” ಎಂದು ಗದರಿದಳು.

“ನಾವೆಲ್ಲಿ ಮುರಿದೆವು?” ಎಂದವು ಹರಳುಗಳು. “ನಾವೆಲ್ಲ ಇಡಿಯಾಗೇ ಇದ್ದೇವೆ. ಒಬ್ಬರ ಕೈ ಒಬ್ಬರು ಬಿಟ್ಟೆವು, ಅಷ್ಟೆ. ನಮ್ಮ ಮನೆ ಮನೆಯ ನಡುವಿನ ಸಂದಿಯಲ್ಲಿ ಗಂಧಕ ಮಲಗಿದ್ದಾನೆ. ನೀನು ಕಾಯಿಸಿದರೆ ನಮಗಿಂತ ಮೊದಲು ಅವನು ಕರಗುತ್ತಾನೆ. ಸಂದಿಯೆಲ್ಲ ಜಾರುತ್ತೆ. ಆಗ ಬಡಿದರೆ ಹಿಡಿದ ಕೈ ನಿಲ್ಲುತ್ತಾ?”

ದುರುಗವ್ವ ಸಂದಿಯೊಳಗೆ ಇಣುಕಿದಳು. “ಏ ಹಳದಿ ಮೋರೆಯವನೇ, ಮಲಗೋಕೆ ಬೇರೆ ಜಾಗ ಸಿಗಲಿಲ್ಲವಾ?”

“ಎಲ್ಲಿದೆ ತಾಯಿ?” ಎಂದ ಗಂಧಕ. “ಯಾವ ಹರಳಿನ ಬಾಗಿಲು ತಟ್ಟಿದರೂ ಒಳಗೆ ಜಾಗ ಇಲ್ಲ ಅಂತಾರೆ. ಸಂದಿ ಬಿಟ್ಟು ಎಲ್ಲಿಗೆ ಹೋಗಲಿ?”

ಬೆಂಕಿ ಜೋರು ಮಾಡಿದಷ್ಟೂ ಇವನು ಕರಗಿ ಕಬ್ಬಿಣ ಕೆಡುತ್ತದೆ ಎಂದು ದುರುಗವ್ವನಿಗೆ ಈಗ ಹೊಳೆಯಿತು. ಓಡಿಸಿದರೆ ಆಗದು, ಇವನಿಗೊಂದು ಜಾಗ ಮಾಡಿ ಕೂರಿಸಬೇಕು. ಸೆರಗು ಬಿಗಿದು ಗುಡ್ಡ ಹತ್ತಿದಳು.

ಗಂಧಕನಿಗೆ ಜಾಗ ಕೊಡ್ತೀಯಾ ಎಂದು ಬೆಣಚುಕಲ್ಲನ್ನು ಕೇಳಿದಳು. “ಅಯ್ಯೋ, ನನ್ನ ಬಿಳುಪು ಕೆಡುತ್ತೆ,” ಎಂದಿತು.

“ಇಟ್ಟುಕೋ ನಿನ್ನ ಬಿಳುಪು, ಕನ್ನಡಿ ಮುಂದೆ ಕೂತಿರು,” ಎಂದು ಮುಂದೆ ನಡೆದಳು.

ಗುಡ್ಡದ ಆಚೆ ಬದಿಯಲ್ಲಿ ಒಂದು ಕರಿಕಲ್ಲು ಒಂಟಿಯಾಗಿ ಕೂತಿತ್ತು. “ನನ್ನನ್ನು ಮುಟ್ಟಬೇಡ ಅಕ್ಕಾ, ಕೈ ಕಪ್ಪಾಗುತ್ತೆ. ಅದಕ್ಕೇ ಯಾರೂ ಹತ್ತಿರ ಬರಲ್ಲ.”

“ಬೆಳಗ್ಗೆಯಿಂದ ಇದ್ದಿಲು ಹಿಡಿದ ಕೈ ಇದು. ನಿನ್ನ ಬಣ್ಣ ಇದರಲ್ಲಿ ಕಾಣೋದೂ ಇಲ್ಲ. ಗಂಧಕನಿಗೆ ಜಾಗ ಬೇಕು, ನನ್ನ ಕುಲುಮೆಗೆ ಬರ್ತೀಯೋ ಇಲ್ಲವೋ?”

“ಬರ್ತೀನಿ. ಆದರೆ ಕೆಲಸ ಮುಗಿದ ಮೇಲೆ ದೂರ ಕಳಿಸಬಾರದು. ನನ್ನವರಿಗೆಲ್ಲ ಕೆಂಪು ಕಲ್ಲಿನ ಪಕ್ಕದಲ್ಲೇ ಜಾಗ ಕೊಡಬೇಕು.”

“ಕೊಟ್ಟೆ, ನಡಿ!”

ದುರುಗವ್ವ ಬಿರಿದ ತುಂಡುಗಳ ಜೊತೆ ಕರಿಕಲ್ಲನ್ನೂ ಬೆಂಕಿಗಿಟ್ಟಳು. ಗಾಳಿ ಊದಿತು. ಎಲ್ಲ ಕರಗಿತು. ಕರಿಕಲ್ಲು ಮೆಲ್ಲಗೆ ಕರೆಯಿತು: “ಬಾ ತಮ್ಮಾ, ನನ್ನ ಹತ್ತಿರ ಕೂತುಕೋ.”

ಗಂಧಕನನ್ನು ಹಾಗೆ ಕರೆದದ್ದು ಆ ಕರಿಕಲ್ಲೊಂದೇ. ಅವನು ಓಡಿ ಬಂದು ಅದನ್ನು ತಬ್ಬಿಕೊಂಡ. ಇಬ್ಬರೂ ಸೇರಿ ಸಣ್ಣ ಸಣ್ಣ ಗುಂಡುಮಣಿಗಳಾಗಿ ಅಲ್ಲೊಂದು ಇಲ್ಲೊಂದು ಕೂತರು. ಸಂದಿಗಳು ಖಾಲಿಯಾದವು. ಕಬ್ಬಿಣ ಗಟ್ಟಿಯಾಗುತ್ತಾ ಬಂದಂತೆ ಹರಳುಗಳು ಕೈಗೆ ಕೈ ಹಿಡಿದವು.

ದುರುಗವ್ವ ಉಸಿರು ಬಿಗಿಹಿಡಿದು ಬಡಿದಳು. ಬಿರಿಯಲಿಲ್ಲ. ಮತ್ತೆ ಬಡಿದಳು. ಕೆಂಪಗೆ ಕಾದ ಕಬ್ಬಿಣ ಉದ್ದುದ್ದ ನೀಳವಾಗಿ ಹಾರೆಯಾಯಿತು.

ತಾಯಿ ಮಗಳು ಹಾರೆಯನ್ನು ಬಂಡೆಯ ಅಡಿಗೆ ಕೊಟ್ಟು ಮೀಟಿದರು. ಬಂಡೆ ಹೊರಳಿತು. “ದಾರಿ ಬಿಡಿ, ದಾರಿ ಬಿಡಿ!” ಎಂದು ಕೂಗುತ್ತಾ ಹಳ್ಳ ನುಗ್ಗಿ ಬಂತು, ನಿಂಗಿಯನ್ನು ತಲೆಯಿಂದ ಕಾಲಿನವರೆಗೆ ತೋಯಿಸಿತು.

ದುರುಗವ್ವ ಮಾತು ತಪ್ಪಲಿಲ್ಲ. ಅದಕ್ಕೇ ಇವತ್ತಿಗೂ ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಕೆಂಪು ಕಲ್ಲಿನ ನೆರೆಯಲ್ಲೇ ಮ್ಯಾಂಗನೀಸಿನ ಕರಿಕಲ್ಲು ಸಿಗುತ್ತದೆ, ಮುಟ್ಟಿದರೆ ನಿಮ್ಮ ಬೆರಳೂ ಕಪ್ಪಾಗುತ್ತದೆ.

ಆ ಸಂಜೆ ದುರುಗವ್ವ ಹಳ್ಳದಲ್ಲಿ ಕೈ ತೊಳೆಯುತ್ತಿದ್ದಳು. ನಿಂಗಿ ಮತ್ತೆ ಬಾಯಿ ತೆರೆದಳು:

“ಅವ್ವಾ, ಹರಳುಗಳದ್ದು ಅಷ್ಟೊಂದು ಮನೆ ಇದ್ದವಲ್ಲ, ಒಬ್ಬರಾದರೂ ಗಂಧಕನನ್ನ ಒಳಗೆ ಯಾಕೆ ಕರೀಲಿಲ್ಲ?”