ಒಂದು ದೂರಿಗೆ ಒಂದು ಕಲ್ಲು

"ಗುರುಗಳೇ, ತಪ್ಪು ರಾಣಿಯದೋ, ದೊರೆಯದೋ?" ಎಂದು ಶಿಷ್ಯೆ ಕೇಳಿದಳು.

ಅವಳು ಕೇಳಿದ್ದು ಕಂಪ್ಯೂಟರಿನಲ್ಲಿ ಆಡುವ ಒಂದು ಯುದ್ಧದಾಟದ ವಿಷಯ. ಅದರ ಎರಡು ಬಣಗಳ ನಾಯಕರಲ್ಲಿ ಯಾರು ಕೆಟ್ಟವರು ಎಂಬ ಜಗಳದಲ್ಲಿ ಅವಳ ಗೆಳತಿಯರ ಗುಂಪು ಒಡೆದು, ತಿಂಗಳಿಂದ ಮಾತು ನಿಂತಿತ್ತು. ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಅಂಥದೇ ಒಂದು ಆಟದಲ್ಲಿ ಒಂದು ಮಾಯಾನಾಡಿತ್ತು. ಅಲ್ಲಿ ಕಡಲತಡಿಯ ಊರೊಂದರ ಹೊಳೆಯಲ್ಲಿ ಒಬ್ಬ ಮುದುಕಿ ದೋಣಿ ನಡೆಸುತ್ತಿದ್ದಳು. ಆಟದ ಹೊರಗಿನ ಲೋಕದಲ್ಲಿ ಅವಳ ಮಂಡಿ ಹೋಗಿ ಆರು ವರ್ಷವಾಗಿತ್ತು. ಮಂಚದಿಂದ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಆಟದೊಳಗೆ ಅವಳು ದಿನಕ್ಕೆ ನಲವತ್ತು ಸಲ ಜನರನ್ನು ಹೊಳೆ ದಾಟಿಸುತ್ತಿದ್ದಳು. ನಿನ್ನದು ಕೆಂಪು ಬಾವುಟವೋ ನೀಲಿಯೋ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ದೋಣಿಯಲ್ಲಿ ಕತ್ತಿ ಹಿರಿಯಬಾರದು, ಅಷ್ಟೆ.

ಒಂದು ದಿನ ಕೆಂಪು ಬಣದ ರಾಣಿ ಊರಿನ ಕಡಲಗೋಡೆಯನ್ನು ಒಡೆದಳು. ಅದನ್ನು ಕಾಯಬೇಕಿದ್ದ ನೀಲಿ ಬಣದ ದೊರೆ, ಕಾವಲಿನವರನ್ನೆಲ್ಲ ಹಿಂದಿನ ದಿನವೇ ಬೇರೆಡೆ ಲೂಟಿಗೆ ಕರೆದೊಯ್ದಿದ್ದ. ಆ ನಾಡಿನಲ್ಲಿ ಹುಣ್ಣಿಮೆಗೊಮ್ಮೆ ಕಡಲು ಉಕ್ಕುತ್ತಿತ್ತು. ಗೋಡೆಯಿಲ್ಲದ ಊರು ಅಳಿಸಿಹೋಗುತ್ತಿತ್ತು. ಅಳಿಸಿಹೋದದ್ದು ಮತ್ತೆ ಹುಟ್ಟುತ್ತಿರಲಿಲ್ಲ. ಇದು ಆಟ ಕಟ್ಟಿದವರ ನಿಯಮ. ಹುಣ್ಣಿಮೆಗೆ ಎಂಟು ದಿನವಿತ್ತು. ಊರು ಹೋದರೆ ಮುದುಕಿಯ ದೋಣಿಯೂ ಹೋಗುತ್ತಿತ್ತು, ಅವಳ ಓಡಾಟವೂ ಮುಗಿಯುತ್ತಿತ್ತು.

ಎರಡು ಬಣದವರೂ ಗೋಡೆಯತ್ತ ನೋಡಲಿಲ್ಲ. ಒಬ್ಬರನ್ನೊಬ್ಬರು ನೋಡಿ ಬೈದರು. ಎರಡು ದಿನ ಬೈದು ಸಾಕಾದ ಮೇಲೆ ಮುದುಕಿಯ ಬಳಿಗೆ ಬಂದರು. ಎರಡೂ ಕಡೆಯವರು ನಂಬುತ್ತಿದ್ದದ್ದು ಅವಳೊಬ್ಬಳನ್ನೇ.

"ಅಜ್ಜಿ, ನೀನೇ ನ್ಯಾಯ ಹೇಳು. ತಪ್ಪು ಯಾರದು?"

"ಹೇಳ್ತೀನಿ. ಆದರೆ ಬರಿಗೈಲಿ ಬಂದು ದೂರು ಹೇಳೋ ಹಾಗಿಲ್ಲ. ಆ ಒಡೆದ ಗೋಡೆ ಹತ್ತಿರ ಕೂತಿರ್ತೀನಿ. ಒಂದು ದೂರಿಗೆ ಒಂದು ಕಲ್ಲು. ಕಲ್ಲು ಇಟ್ಟು ಮಾತಾಡಿ. ಎಲ್ಲರ ದೂರೂ ಮುಗಿದ ಮೇಲೆ ತೀರ್ಪು."

ಕಲ್ಲುಗಣಿ ಬೆಟ್ಟದಾಚೆ ಇತ್ತು. ಒಬ್ಬರು ಒಂದು ಸಲಕ್ಕೆ ಒಂದೇ ಕಲ್ಲು ಹೊರಬಹುದಿತ್ತು. ಆದರೂ ಬಂದರು. ಬೈಯುವ ಹುಮ್ಮಸ್ಸಿಗೆ ಬೆಟ್ಟ ಯಾವ ಲೆಕ್ಕ? ಮೊದಲ ದಿನ ಇಪ್ಪತ್ತು ಕಲ್ಲು ಬಿದ್ದವು, ಮೂರನೆಯ ದಿನ ಮುನ್ನೂರು. ಮರೆತುಹೋಗಿದ್ದ ಯುದ್ಧಗಳ ದೂರುಗಳೂ ಎದ್ದು ಬಂದವು. ಕದ್ದ ಕುದುರೆಯೊಂದರ ಹೆಸರಲ್ಲೇ ಹದಿನೇಳು ಕಲ್ಲು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಹೂಂ, ಅನ್ಯಾಯವೇ ಕಣಪ್ಪ. ಸ್ವಲ್ಪ ಎಡಕ್ಕಿಡು" ಎನ್ನುತ್ತಿದ್ದಳು.

ಐದನೆಯ ದಿನ ದೊರೆಯೇ ಕಲ್ಲು ಹೊತ್ತು ಬಂದ. ರಾಣಿಯೂ ಕಲ್ಲು ಹಿಡಿದು ಅಲ್ಲೇ ನಿಂತಿದ್ದಳು.

"ಏನು ದೊರೆಗಳೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ್ರಾ?" ಎಂದು ರಾಣಿ ಕೆಣಕಿದಳು.

"ಒಡೆದೋಳು ನೀನು ತಾಯಿ. ಅಷ್ಟು ದೊಡ್ಡ ಗೋಡೆ ಬೀಳಿಸಿದ ಕೈಗೆ ಇಷ್ಟು ಚಿಕ್ಕ ಕಲ್ಲಾ?" ಎಂದ ದೊರೆ.

ರಾಣಿ ಆ ಕಲ್ಲನ್ನು ಗೋಡೆಯಲ್ಲಿ ಕುಕ್ಕಿ, ಇನ್ನೂ ದೊಡ್ಡದನ್ನು ತರಲು ಹೊರಟಳು.

ಹುಣ್ಣಿಮೆ ಬಂತು. ದೂರು ಹೇಳಲು ಸಾಲುಗಟ್ಟಿದವರೆಲ್ಲ ಗೋಡೆಯ ಬಳಿಯಿರುವಾಗಲೇ ಕಡಲು ಉಕ್ಕಿತು. ಮೊದಲ ಅಲೆಗೆ ಗೋಡೆ ನಡುಗಿತು. ಎರಡನೆಯದಕ್ಕೆ ಒಂದು ಕಲ್ಲು ಜಾರಿತು. ರಾಣಿ ಅದಕ್ಕೆ ಹೆಗಲು ಕೊಟ್ಟಳು, ಅವಳ ಪಕ್ಕದಲ್ಲಿ ದೊರೆ ಹೆಗಲು ಕೊಟ್ಟ. ಬೈಯುವುದನ್ನು ಮಾತ್ರ ಇಬ್ಬರೂ ನಿಲ್ಲಿಸಲಿಲ್ಲ. ಮೂರನೆಯ ಅಲೆ ಗೋಡೆಗೆ ಬಡಿದು, ಸೋತು, ಹಿಂದಕ್ಕೆ ಹೋಯಿತು.

ಸಾವಿರ ಜನ ಒಟ್ಟಿಗೆ ಜಯಕಾರ ಹಾಕಿದರು. ಯಾರ ಬಾವುಟ ಯಾರ ಕೈಯಲ್ಲಿದೆ ಎಂದು ನೋಡುವವರಿರಲಿಲ್ಲ. ಅಜ್ಜಿ ಎದ್ದು, ದೋಣಿಯನ್ನು ನೀರಿಗೆ ತಳ್ಳಿದಳು. ಮರುದಿನ ಅವಳು ನೂರಾಹತ್ತು ಸಲ ಹೊಳೆ ದಾಟಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಬಿಡಲಿಲ್ಲ.

"ಅಂದರೆ, ತಪ್ಪು ಯಾರದೆಂದು ಆ ಅಜ್ಜಿಗೆ ಕೊನೆಗೂ ತಿಳಿಯಲಿಲ್ಲವೇ?"

"ಅವರು ಬಂದು ಕೇಳಿದ ದಿನವೇ ತಿಳಿದಿತ್ತಮ್ಮ, ಅಂದೇ ಹೇಳಿಬಿಟ್ಟಿದ್ದರೆ ಕಲ್ಲು ಯಾರು ಹೊರುತ್ತಿದ್ದರು?"