ಕಾಯಂ ಬಿಲ್ಲೆಯ ಚೆನ್ನಿಗ

ಹಳ್ಳದ ಆಚೆಗೊಬ್ಬ ದೊರೆ, ಈಚೆಗೊಬ್ಬ ದೊರೆ. ಆಚೆ ನಾಡಿನಲ್ಲಿ ಕುಂಬಾರರ ಮಾಳವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಇದ್ದವನೊಬ್ಬನೇ ಮಗ, ಚೆನ್ನಿಗ. ಎತ್ತಿನಂಥ ಮೈ, ಹಾಲಿನಂಥ ಮನಸ್ಸು, ತಲೆ ಮಾತ್ರ ಇನ್ನೂ ಬೇಯದ ಮಡಕೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಮಾಡಿ ಎದೆಯುಬ್ಬಿಸಿ ನಿಲ್ಲುವವನು.

ಆಚೆ ನಾಡಿನಲ್ಲಿ ಮಡಕೆಯ ಮಣ್ಣು ಮುಗಿದುಹೋಯಿತು. ಈಚೆ ದೊರೆ, ಕುಂಬಾರರು ಬಂದರೆ ಜಾಗ ಕೊಡುತ್ತೇನೆ ಅಂತ ಡಂಗುರ ಸಾರಿಸಿದ. ಮಾಳವ್ವ ಮಗನ ತಲೆ ಮೇಲೆ ಮಡಕೆ ಮಾಡುವ ತಿಗರಿ ಹೊರಿಸಿಕೊಂಡು ಹೊರಟಳು. ಹಳ್ಳಕ್ಕೊಂದು ಸೇತುವೆ. ಸೇತುವೆಯ ನಡುವೆ ಸುಣ್ಣದ ಗೆರೆ, ಅದೇ ಗಡಿ. ಈಚೆ ತುದಿಯಲ್ಲಿ ಸುಂಕದ ಕಟ್ಟೆ. ಅಲ್ಲಿ ಕೂತಿದ್ದ ಸುಂಕದಯ್ಯ ಇಬ್ಬರಿಗೂ ಒಂದೊಂದು ತಾಮ್ರದ ಬಿಲ್ಲೆ ಕೊಟ್ಟ.

"ಇವತ್ತಿನಿಂದ ನೀವು ಈ ನಾಡಿನ ಕಾಯಂ ಒಕ್ಕಲು. ಎಲ್ಲೂ ಅಲೆಯಬೇಡಿ, ಇಲ್ಲೇ ಕಾಲೂರಿ" ಅಂದ.

ಸಂಜೆ ನೋಡಿದರೆ ಮಗನಿಲ್ಲ. ಮಾಳವ್ವ ಹುಡುಕಿಕೊಂಡು ಹೋದರೆ, ಕೆರೆಯಂಗಳದಲ್ಲಿ ಗುಂಡಿ ತೋಡಿ ಮೊಣಕಾಲತನಕ ಹೂತುಕೊಂಡು ನಿಂತಿದ್ದಾನೆ.

"ಏನೋ ಇದು?"

"ಕಾಲೂರಿದ್ದೀನಿ ಕಣವ್ವ. ಅಲ್ಲಾಡಿಸು ನೋಡು, ಅಲ್ಲಾಡಲ್ಲ."

ಮಾಳವ್ವ ಹಣೆ ಚಚ್ಚಿಕೊಂಡು ಅವನನ್ನು ಗೆಣಸು ಕೀಳುವ ಹಾಗೆ ಕಿತ್ತಳು. "ಅಯ್ಯೋ ಪೆದ್ದೇ, ಕಾಲೂರೋದು ಅಂದರೆ ದುಡಿದು ತಿಂದು ಇಲ್ಲೇ ಬಾಳೋದು. ಆ ಬಿಲ್ಲೆಯನ್ನ ಜೋಪಾನ ಮಾಡು, ಅಷ್ಟು ಸಾಕು. ಯಾರ ಕೈಗೂ ಕೊಡಬೇಡ."

"ಹೂಂ ಕಣವ್ವ" ಅಂದ ಚೆನ್ನಿಗ.

ಸ್ವಲ್ಪ ದಿನಕ್ಕೆ ಮಾಳವ್ವ, ಆಚೆ ನಾಡಿನಲ್ಲಿದ್ದ ತನ್ನ ಅಣ್ಣನ ಮನೆಗೆ ಒಂದು ಹೊಸ ಗಡಿಗೆ ಕೊಟ್ಟು ಬಾ ಅಂತ ಅವನನ್ನು ಕಳಿಸಿದಳು. ಹೋದ, ಕೊಟ್ಟ, ಉಂಡ, ತಿರುಗಿ ಬಂದ. ಕಟ್ಟೆಯಲ್ಲಿ ಸುಂಕದಯ್ಯ ಕೈ ಚಾಚಿದ. "ಬಿಲ್ಲೆ ಕೊಡಪ್ಪ."

"ಕೊಡಲ್ಲ."

"ಬಿಲ್ಲೆ ಇಲ್ಲವಾ?"

"ಇದೆ. ಕೊಡಲ್ಲ."

ಎಷ್ಟು ಕೇಳಿದರೂ ಅದೇ ಮಾತು. ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು ಹಲ್ಲು ಕಚ್ಚಿ ಕೂತ. ಕೊನೆಗೆ ಮಾಳವ್ವ ಓಡಿಬಂದು ದವಡೆ ಹಿಂಡಿ ಬಿಲ್ಲೆ ಹೊರಗೆ ತೆಗೆಸಿ, ಸುಂಕದಯ್ಯನ ಕಾಲಿಗೆ ಬಿದ್ದು ಮಗನನ್ನು ಬಿಡಿಸಿಕೊಂಡಳು.

"ದಾರೀಲಿ ಕೇಳಿದರೆ ಇಲ್ಲ ಅನ್ನಬಾರದು ಕಣೋ. ಮರ್ಯಾದೆಯಾಗಿ ಕೈಗೆ ಕೊಡಬೇಕು."

"ಅದನ್ನ ಮೊದಲೇ ಹೇಳಬಾರದಿತ್ತಾ?" ಅಂದ ಚೆನ್ನಿಗ.

ಮುಂದಿನ ಸಲ ಮಾವನ ಮನೆಯಿಂದ ಬರುವಾಗ ದಾರಿಯಲ್ಲಿ ಒಬ್ಬ ಮೇಕೆ ಕಾಯುವವನು ಸಿಕ್ಕ. ಚೆನ್ನಿಗನ ಕೈಯಲ್ಲಿದ್ದ ಬಿಲ್ಲೆ ನೋಡಿ, "ಫಳಫಳ ಅಂತದಲ್ಲ, ನನಗೆ ಕೊಡ್ತೀಯಾ?" ಅಂದ. ಚೆನ್ನಿಗ ಎರಡೂ ಕೈಯಲ್ಲಿ ಮರ್ಯಾದೆಯಾಗಿ ಕೊಟ್ಟ. ಅವನು ಅದನ್ನು ತನ್ನ ಹೋತದ ಕೊರಳಿಗೆ ಕಟ್ಟಿದ. ಹೋತ ಕುಣಿಯುತ್ತಾ ಚೆನ್ನಿಗನಿಗಿಂತ ಮುಂದೆ ಸೇತುವೆ ದಾಟಿತು. ಕಟ್ಟೆಯ ಕಾವಲಿನವನು ಬಿಲ್ಲೆ ನೋಡಿದ, ಹೋತವನ್ನು ಒಳಗೆ ಬಿಟ್ಟ. ಚೆನ್ನಿಗನನ್ನು ತಡೆದ.

ಮತ್ತೆ ಮಾಳವ್ವ ಬಂದಳು. ಹೋತವನ್ನು ಅಟ್ಟಾಡಿಸಿ ಹಿಡಿದು ಬಿಲ್ಲೆ ಬಿಚ್ಚಿಕೊಂಡಳು. ಈ ಸಲ ಸುಂಕದಯ್ಯನಿಗೂ ಸಿಟ್ಟು ಬಂದಿತ್ತು.

"ನೋಡಮ್ಮ, ನಿನ್ನ ಮಗ ಆಚೆಗೆ ತಿರುಗೋದು ಜಾಸ್ತಿಯಾಯಿತು. ಬಿಲ್ಲೆ ಇದ್ದರೆ ಸಾಲದು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಈಚೆಗೇ ಇರಬೇಕು. ಇಲ್ಲದಿದ್ದರೆ ಬಿಲ್ಲೆ ಕಿತ್ತುಕೊಂಡು ವಾಪಸ್ಸು ಅಟ್ಟುತ್ತೇವೆ."

ಮಾಳವ್ವನ ಮಡಕೆ ಸುಡುವ ಆವಿಗೆ ಈಗಷ್ಟೇ ಹೊತ್ತಿತ್ತು, ಊರವರು ಅವಳ ಮಡಕೆ ಕೇಳಿಕೊಂಡು ಮನೆಗೆ ಬರುತ್ತಿದ್ದರು. ಮಗನ ಗಲ್ಲ ಹಿಡಿದು ಹೇಳಿದಳು: "ಏನೇ ಬರಲಿ, ಏನೇ ಹೋಗಲಿ, ಅರ್ಧಕ್ಕಿಂತ ಹೆಚ್ಚು ಈಚೆಗೇ ಇರು ಮಗನೇ."

"ಅದೇನು ಮಹಾ" ಅಂದ ಚೆನ್ನಿಗ.

ಅಷ್ಟರಲ್ಲಿ ಮಾಳವ್ವನ ಅಣ್ಣನ ಮಗಳು ಸಾತಿಯನ್ನು ಚೆನ್ನಿಗನಿಗೆ ತರುವ ಮಾತಾಯಿತು. ಮದುವೆ ಹೆಣ್ಣಿನ ಮನೆಯಲ್ಲಿ. ಮಾಳವ್ವ ಮುಂಚೆಯೇ ಹೋದಳು, ಮದುಮಗ ವಾಲಗದವರ ಜೊತೆ ಹಿಂದೆ ಹೊರಟ. ಹಂದರದಲ್ಲಿ ಎಲ್ಲರೂ ಕಾದರು, ಕಾದರು. ಗಂಡಿಲ್ಲ. ವಾಲಗದವನೊಬ್ಬ ಏದುಸಿರು ಬಿಡುತ್ತಾ ಓಡಿಬಂದ. "ಸೇತುವೆ ಮೇಲೆ ಮಲಗಿಬಿಟ್ಟಿದ್ದಾನೆ, ಏಳ್ತಾ ಇಲ್ಲ."

ಎಲ್ಲರೂ ಹೋಗಿ ನೋಡಿದರು. ಬಾಸಿಂಗ ಕಟ್ಟಿಕೊಂಡ ಚೆನ್ನಿಗ ಬೋರಲು ಮಲಗಿದ್ದಾನೆ. ಕಾಲು, ಹೊಟ್ಟೆ, ಎದೆ ಗೆರೆಯ ಈಚೆಗೆ. ತಲೆ ಮತ್ತು ಎರಡು ಕೈ ಆಚೆಗೆ.

"ಏಳೋ, ಮುಹೂರ್ತ ಮೀರ್ತದೆ" ಅಂತ ಮಾಳವ್ವ ಗೋಗರೆದಳು.

"ಅರ್ಧಕ್ಕಿಂತ ಹೆಚ್ಚು ಈಚೆಗಿರು ಅಂದವಳು ನೀನೇ ತಾನೆ? ತಾಳಿ ಕಟ್ಟೋಕೆ ಕೈ ಸಾಕಲ್ಲವ್ವ, ಕೈ ಆಚೆಗೇ ಇದೆ."

ಮಾವನ ಮುಖ ಕಪ್ಪಿಟ್ಟಿತು. ಮಗಳ ಕೈ ಹಿಡಿದು ವಾಪಸ್ಸು ಹೊರಟೇಬಿಟ್ಟ. ಮಾಳವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾತಿ ಮಾತ್ರ ಕೈ ಬಿಡಿಸಿಕೊಂಡಳು.

"ಅಪ್ಪಾ, ಕೊಟ್ಟ ಮಾತನ್ನ ಇಷ್ಟು ಗಟ್ಟಿಯಾಗಿ ಹಿಡಿಯೋನು ನನಗೆ ಇನ್ನೆಲ್ಲಿ ಸಿಗ್ತಾನೆ?" ಅಂದಳು. ಹೋಗಿ ಗೆರೆಯ ಹತ್ತಿರ ಮಂಡಿಯೂರಿ ಕೊರಳು ಬಗ್ಗಿಸಿದಳು. ಚೆನ್ನಿಗ ಮಲಗಿದಲ್ಲೇ ತಾಳಿ ಕಟ್ಟಿದ. ಸೇತುವೆಯ ಮೇಲೇ ವಾಲಗ ಮೊಳಗಿತು, ಅಕ್ಕಿಕಾಳು ಅರ್ಧ ಆಚೆ ಬಿತ್ತು, ಅರ್ಧ ಈಚೆ ಬಿತ್ತು.

ಈಗ ಸೊಸೆ ಈಚೆಗೆ ಬರಬೇಕಲ್ಲ. ಸುಂಕದಯ್ಯ ಎದ್ದು ನಿಂತ. "ಹುಡುಗಿಗೆ ಬಿಲ್ಲೆ ಇಲ್ಲ. ಕಾಯಂ ಒಕ್ಕಲಿನ ಹೆಂಡತಿ ಅಂತ ಬಿಡುತ್ತೇನೆ. ಆದರೆ ಬಿಲ್ಲೆ ಬರೋತನಕ ಇವಳ ಭಾರ ಪೂರ್ತಿ ನೀನೇ ಹೊರಬೇಕು. ಬೇರೆ ಯಾರ ಮೇಲೂ ಬೀಳಬಾರದು. ಒಪ್ಪಿಗೆಯೋ?"

"ಒಪ್ಪಿಗೆ" ಅಂದವನೇ ಚೆನ್ನಿಗ ಸಾತಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ನೆಂಟರು ಗಾಡಿ ಹತ್ತಿ ಅಂದರು. "ಗಾಡಿ ಮೇಲೆ ಭಾರ ಬೀಳಬಾರದು" ಅಂದ ಚೆನ್ನಿಗ. ಮರದ ನೆರಳಲ್ಲಿ ಸ್ವಲ್ಪ ಇಳಿಸು ಅಂದರು. "ನೆಲದ ಮೇಲೂ ಬೀಳಬಾರದು." ಸಾತಿ ಮೊದಮೊದಲು ನಾಚಿದಳು. ಆಮೇಲೆ ಮೇಲಿಂದ ಹೊಸ ನಾಡಿನ ಹೊಲ ಗದ್ದೆ ಎಲ್ಲ ಚೆನ್ನಾಗಿ ಕಂಡಿತು. ಕಾಲಾಡಿಸುತ್ತಾ ಕೂತಳು.

ಮಾಳವ್ವ ಬೈದೂ ಬೈದೂ ಸುಸ್ತಾಗಿದ್ದಳು. ಮನೆ ಮುಂದೆ ಆರತಿ ಎತ್ತಿ, "ಆಯಿತು, ಬಲಗಾಲಿಟ್ಟು ಒಳಗೆ ಬನ್ನಿ" ಅಂದಳು.

ಬಲಗಾಲು ಅಂದರೆ ಬಲಗಾಲೇ. ಚೆನ್ನಿಗ ಎಡಗಾಲನ್ನು ಮೇಲಕ್ಕೆ ಮಡಚಿ, ಒಂಟಿಗಾಲಲ್ಲಿ ಕುಪ್ಪಳಿಸುತ್ತಾ ಹೊಸಿಲು ದಾಟಿದ. ಕುಂಬಾರರ ಮನೆಯ ಬಾಗಿಲು ಗಿಡ್ಡ. ತಲೆ ಒಡೆದೀತು ಅಂತ ಸಾತಿ ಮೇಲಿನ ತೊಲೆ ಹಿಡಿದುಕೊಂಡಳು. ಅವಳು ಬಾಗಿಲಲ್ಲೇ ನೇತಾಡುತ್ತಾ ಉಳಿದಳು, ಅವನು ದೇವರ ಗೂಡಿನ ತನಕ ಕುಪ್ಪಳಿಸಿಕೊಂಡು ಹೋದ.

ದೀಪಕ್ಕೆ ಕೈಮುಗಿದು, ಎದೆಯುಬ್ಬಿಸಿ ಅಂದ: "ಭಾರ ಭಾರ ಅಂತ ಸುಂಕದಯ್ಯ ಸುಮ್ಮನೆ ಹೆದರಿಸಿದ ಕಣವ್ವ. ನಿನ್ನ ಸೊಸೆ ಹೆಗಲ ಮೇಲೆ ಇದ್ದಾಳೋ ಇಲ್ಲವೋ ಅಂತಾನೇ ಗೊತ್ತಾಗಲ್ಲ."