ಬೆನ್ನಮ್ಮನ ಗುಡ್ಡ

ಕಡವಿನಕೇರಿಯ ಹೊಳೆ ಕಡಲಿಗೆ ಸೇರುವ ಅಳಿವೆಯ ಬಲದಂಡೆಯಲ್ಲಿ ಒಂದು ಬೋಳುಗುಡ್ಡವಿದೆ. ಮೆಟ್ಟಿಲು ಹತ್ತಿ ಹೋದವರಿಗೆ ಮೊದಲು ಕಾಣುವುದು ದೇವಿಯ ಬೆನ್ನು, ಕೊನೆಗೆ ಕಾಣುವುದೂ ಬೆನ್ನೇ. ಮೂರ್ತಿಯ ಮುಂದೆ ಒಂದು ಗೇಣು ಜಾಗವಿಲ್ಲ. ಅಲ್ಲಿಂದ ಕಲ್ಲು ನೆಟ್ಟಗೆ ನೀರಿಗಿಳಿಯುತ್ತದೆ. ಅರಿಶಿನ ಬೆನ್ನಿಗೆ, ಹೂವು ಬೆನ್ನಿಗೆ, ಕೈ ಮುಗಿಯುವುದೂ ಬೆನ್ನಿಗೆ. ಕೂರಿಸಿದವರಿಗೆ ದಿಕ್ಕು ತಿಳಿಯಲಿಲ್ಲವೇನೋ ಎಂದು ಪೇಟೆಯ ಬುದ್ಧಿವಂತರು ನಗುವುದುಂಟು. ನಗಲಿ, ಅವರ ಹಲ್ಲು ಅವರದು. ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ ಅಳಿವೆಯ ನೀರು ಹಿಂದೆ ಸರಿದಾಗ ಕೆಳಗೆ ಕಪ್ಪು ಮರದ ಪಕ್ಕೆಗಳು ಸಾಲಾಗಿ ತಲೆಯೆತ್ತುತ್ತವೆ. ಅದು ಯುದ್ಧದ ಹಡಗು. ಅವಳು ನೋಡುತ್ತಿರುವುದು ಅದನ್ನು.

ಹಿಂದೆ ಒಮ್ಮೆ, ಈ ಸೀಮೆ ಮಲ್ಲರಸ ಒಡೆಯನ ಕೈಯಲ್ಲಿದ್ದಾಗ, ಊರು ಸುಡಲು ವೈರಿಗಳ ಹಡಗುಗಳು ಬಂದವಂತೆ. ಒಡೆಯನಿಗಿದ್ದದ್ದು ಒಂದೇ ಯುದ್ಧದ ಹಡಗು, ಅದರ ಹಾಯಿ ಕಟ್ಟುವ ಕೂವೆಮರವೂ ಮುರಿದಿತ್ತು. ಕಾದಿ ಗೆಲ್ಲಲಾರೆವೆಂದು ಕಂಡ ನಾವಿಕರು ಹಡಗನ್ನು ಅಳಿವೆಗೆ ಅಡ್ಡಲಾಗಿ ತಿರುಗಿಸಿ, ತಾವೇ ತಳಕ್ಕೆ ತೂತು ಕೊರೆದರು. ಇಳಿತದ ಸೆಳೆತಕ್ಕೆ ಅದು ಕಡಲಿಗೆ ಜಾರದಂತೆ ನಲವತ್ತು ಜನ ಕೂತಲ್ಲೇ ಹುಟ್ಟು ಹಾಕುತ್ತ ಹೋದರು. ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು. ಒಬ್ಬನೂ ಏಳಲಿಲ್ಲ ಎನ್ನುತ್ತಾರೆ. ಹಡಗು ತಳಕ್ಕೆ ಕೂತಿತು, ವೈರಿ ಹಡಗುಗಳ ದಾರಿ ಮುಚ್ಚಿತು, ಊರು ಉಳಿಯಿತು. ಆ ನಲವತ್ತರಲ್ಲಿ ಮೀನು ಮಾರುವ ದೇಮಕ್ಕನ ಒಬ್ಬನೇ ಮಗ ಮಾಸ್ತುವೂ ಇದ್ದ.

ಹತ್ತು ವರ್ಷ ಕಳೆಯಿತು. ಉಳಿದುಕೊಂಡವರಿಗೆ ಮರೆವು ಎಷ್ಟು ಬೇಗ ಬರುತ್ತದೆ ನೋಡಿ! ಒಡೆಯನಿಗೆ ಹೊಸ ಚಾವಡಿಯ ಹುಚ್ಚು ಹಿಡಿಯಿತು. ಉಪ್ಪುನೀರು ಕುಡಿದ ತೇಗಕ್ಕೆ ಗೆದ್ದಲು ಹತ್ತುವುದಿಲ್ಲವೆಂದು ಯಾರೋ ಕಿವಿಯೂದಿದರು. ಊರ ಅಂಬಿಗರು ಆಳಕಡಲಿಗೆ ಹೋದ ದಿನಗಳನ್ನೇ ನೋಡಿ, ಹೊರಗಿನ ಮುಳುಗುಗಾರರನ್ನು ತರಿಸಿ ಹಡಗಿನ ಹಲಗೆ ಕೀಳಿಸಿದ. ಚಾವಡಿಯ ನೆಲಕ್ಕೆ ಹಾಸಿದ. ಊರಿಗೆಲ್ಲ ಊಟಕ್ಕೆ ಹೇಳಿ ಕಳಿಸಿದ.

ದೇಮಕ್ಕ ಎಲ್ಲರಂತೆ ಹೋದಳು. ಒಳಗೆ ನಾಲ್ಕು ಹೆಜ್ಜೆ ಇಟ್ಟಿದ್ದಳು, ಅಂಗಾಲಿಗೆ ಏನೋ ತಡೆಯಿತು. ಬಗ್ಗಿ ನೋಡಿದರೆ ಏಡಿ. ಹುಟ್ಟು ಹಾಕುವವರು ತಾವು ಕೂರುವ ಹಲಗೆಯ ಮೇಲೆ ಉಳಿಯಿಂದ ಒಂದು ಗುರುತು ಕೊರೆಯುವುದು ವಾಡಿಕೆ. ಮಾಸ್ತು ಏಡಿ ಕೊರೆದಿದ್ದ, ಕೈ ಜಾರಿ ಒಂದು ಕಾಲು ಕಡಿಮೆಯಾಗಿತ್ತು. "ಏಳು ಕಾಲಿನ ಏಡಿ ಯಾವ ಕಡಲಿನದೋ?" ಎಂದು ಅವಳೇ ಅವನನ್ನು ಗೋಳು ಹೊಯ್ದುಕೊಂಡಿದ್ದಳು. ಸುತ್ತ ನೋಡಿದಳು. ಶಂಖದ ಗುರುತಿನ ಮೇಲೆ ಯಾರೋ ಎಲೆಯಡಿಕೆ ಉಗುಳಿದ್ದರು. ನಕ್ಷತ್ರದ ಗುರುತಿನ ಮೇಲೆ ಒಡೆಯ ನಿಂತಿದ್ದ.

"ಒಡೆಯಾ, ಕಾಲು ತೆಗೀರಿ," ಎಂದಳು.

"ಎಂತದು ದೇಮಿ? ಮರ ಅಲ್ಲವೇ?" ಎಂದು ಒಡೆಯ ನಕ್ಕ.

"ಮರವಂತೆ! ಮುಳುಗುವಾಗಲೂ ನಮ್ಮ ಮಕ್ಕಳು ಬಿಟ್ಟು ಏಳದ ಜಾಗ ಇದು. ಅವರು ಏಳಲಿಲ್ಲ ಅಂತ ನೀವು ಇವತ್ತು ನಿಂತಿದ್ದೀರಿ. ಹೋಗಿ ಹೋಗಿ ಅವರ ಮೇಲೆಯೇ ನಿಲ್ಲಬೇಕೇ? ನಾಚಿಕೆಯಾಗೋದಿಲ್ಲವೇ ನಿಮಗೆ?"

ಎಲೆಯ ಮುಂದೆ ಕೂತಿದ್ದ ಊರು ಎಲೆಯನ್ನೇ ನೋಡುತ್ತ ಕೂತಿತು. ಒಡೆಯನಿಗಿಂತ ಆ ಮೌನದ ಮೇಲೆ ದೇಮಕ್ಕನಿಗೆ ಹೆಚ್ಚು ಸಿಟ್ಟು ಬಂತು. ನೆಟ್ಟಗೆ ಗುಡ್ಡ ಹತ್ತಿ, ಹಡಗಿನ ಕಡೆ ಮುಖ ಮಾಡಿ, ಊರಿಗೆ ಬೆನ್ನು ಹಾಕಿ ಕೂತಳು. ಮರುದಿನ, ಹಡಗಿನೊಡನೆ ಮುಳುಗಿದ ಮಿಕ್ಕವರ ಮನೆಯ ಹೆಂಗಸರೂ ಬಂದು ಸಾಲಾಗಿ ಹಾಗೆಯೇ ಕೂತರು. ಆಳಕಡಲಿಂದ ಮರಳಿದ ಅಂಬಿಗರು ಸುದ್ದಿ ಕೇಳಿದವರೇ ದೋಣಿ ಕಟ್ಟಿಹಾಕಿದರು. ಊರಿಗೆ ಮೀನಿಲ್ಲ, ಹೊಳೆ ದಾಟಿಸುವವರಿಲ್ಲ.

ಆರನೆಯ ದಿನ ಒಡೆಯ ಏದುಸಿರು ಬಿಡುತ್ತ ಗುಡ್ಡ ಹತ್ತಿದ. "ದೇಮಕ್ಕಾ, ಈ ಕಡೆ ತಿರುಗು, ಮಾತಾಡೋಣ."

"ನಿಮಗೆ ಮುಖ ತೋರಿಸುವುದಿಲ್ಲ. ಹಲಗೆ ಎಬ್ಬಿಸಿ. ನನ್ನ ಮಗನದನ್ನು ನೀವೇ ಹೊತ್ತು ತನ್ನಿ."

ಒಡೆಯ ಹೊತ್ತ. ಇಳಿತದ ಹೊತ್ತಿಗೆ ಅಂಬಿಗರು ನಲವತ್ತು ಹಲಗೆಗಳನ್ನೂ ಕಲ್ಲು ಕಟ್ಟಿ ಹಡಗಿನೊಳಗೆ ಇಳಿಸಿದರು. ಹೆಂಗಸರು ಎದ್ದು ಮನೆಗೆ ಹೋದರು. ದೇಮಕ್ಕ ಏಳಲಿಲ್ಲ. "ಎಲ್ಲ ಕೊಟ್ಟೆವಲ್ಲ, ಇನ್ನಾದರೂ ತಿರುಗು ತಾಯಿ," ಎಂದು ಊರು ಅಂಗಲಾಚಿತು.

"ಬೈಸಿಕೊಂಡ ಮೇಲೆ ಕೊಟ್ಟಿರಿ," ಎಂದಳು. "ನಾನು ಸತ್ತ ಮೇಲೆ ಬೈಯುವವರು ಯಾರು?"

ಸಾಯುವವರೆಗೂ ಅವಳು ತಿರುಗಲಿಲ್ಲ ಎನ್ನುತ್ತಾರೆ. ಮೂರ್ತಿಯನ್ನೂ ಊರು ಹಾಗೆಯೇ ಕೂರಿಸಿತು. ಬೇರೆ ರೀತಿ ಕೂರಿಸುವ ಧೈರ್ಯ ಯಾರಿಗಿತ್ತು? ದೇಮಕ್ಕ ಬೆನ್ನಮ್ಮನಾದಳು, ಗುಡ್ಡ ಬೆನ್ನಮ್ಮನ ಗುಡ್ಡವಾಯಿತು. ಈಗಲೂ ಇಳಿತದಲ್ಲಿ ಹಡಗಿನ ಪಕ್ಕೆ ಹತ್ತಿ ಫೋಟೊ ತೆಗೆಸಿಕೊಳ್ಳುವ, ನೆನಪಿಗಿರಲೆಂದು ಚೂರು ಮುರಿದು ಜೇಬಿಗಿಳಿಸುವ ಪುಣ್ಯಾತ್ಮರಿದ್ದಾರೆ. ಹೋದ ವರ್ಷ ಇಬ್ಬರು ಟೇಪು ಹಿಡಿದು ಬಂದು, ಇದನ್ನೆತ್ತಿ ರೆಸಾರ್ಟಿನ ಹುಲ್ಲುಹಾಸಿನ ಮೇಲಿಟ್ಟರೆ ಚಂದವೆಂದು ಅಳತೆ ತೆಗೆದರು. ಅಂಥವರೇ ಆಮೇಲೆ ಗುಡ್ಡ ಹತ್ತಿ ಹಣ್ಣುಕಾಯಿ ಮಾಡಿಸುತ್ತಾರೆ, ದೇವಿಯ ಮುಖ ಕಾಣುವುದಿಲ್ಲವೆಂದು ಗೊಣಗುತ್ತಾರೆ. ಮುಖ ಹೇಗಿದೆ ಎಂದು ಕೇಳಿದರೆ ಪೂಜೆ ಮಾಡುವ ಅಂಬಿಗ ತಲೆಯೆತ್ತದೆ ಕೆಳಗೆ ಹಡಗು ಮುಳುಗಿರುವ ನೀರನ್ನು ತೋರಿಸುತ್ತಾನೆ.

"ನಾನೂ ಕಂಡಿಲ್ಲ. ಅವರನ್ನು ಕೇಳಿ."